ಕಚ್ಚುವ ಮೊದಲು ನಾಯಿ ಏನು ಹೇಳುತ್ತದೆ?

ಮೊಬೈಲಿನಿಂದ ಮೊಬೈಲಿಗೆ ಹಾರುವ ಆ ಬಗೆಯ ವಿಡಿಯೊ ನೋಡದವರು ಕಡಿಮೆ. ನಡುಮನೆಯಲ್ಲಿ ಲ್ಯಾಬ್ರಡಾರ್ ನಾಯಿಯೊಂದು ಕಾಲು ಚಾಚಿ ಮಲಗಿದೆ. ಒಂದೂವರೆ ವರ್ಷದ ಮಗು ತಪ್ಪುಹೆಜ್ಜೆ ಹಾಕುತ್ತ ಬಂದು ಅದರ ಕುತ್ತಿಗೆಗೆ ಜೋತುಬೀಳುತ್ತದೆ. ಕಿವಿ ಹಿಡಿದು ಎಳೆಯುತ್ತದೆ. ಕೊನೆಗೆ ಬೆನ್ನೇರಿ ಕುದುರೆ ಸವಾರಿ. ಹಿಂದಿನಿಂದ ಅಮ್ಮನ ನಗು, ‘ಅಯ್ಯೋ, ಎಷ್ಟು ಚೆನ್ನಾಗಿ ಆಡ್ತವೆ ನೋಡ್ರೀ’ ಎನ್ನುವ ಅಜ್ಜಿಯ ದನಿ.

ಅದೇ ವಿಡಿಯೊವನ್ನು ಸದ್ದು ಆರಿಸಿ, ಮಗುವಿನಿಂದ ಕಣ್ಣು ತೆಗೆದು, ನಾಯಿಯನ್ನಷ್ಟೇ ನೋಡಬೇಕು. ಮಗು ಹತ್ತಿರ ಬರುತ್ತಿದ್ದಂತೆ ನಾಯಿ ಮುಖವನ್ನು ಆಚೆ ತಿರುಗಿಸುತ್ತದೆ. ಮುಂದೆ ತಿಂಡಿಯಿಲ್ಲ, ಆದರೂ ನಾಲಿಗೆ ಮೂಗಿನ ತುದಿಯನ್ನು ಸವರಿ ಒಳಗೆ ಹೋಗುತ್ತದೆ. ನಿದ್ದೆಯಿಲ್ಲ, ಆದರೂ ಆಕಳಿಕೆ. ಕಿವಿ ತಲೆಗೆ ಅಂಟಿಕೊಂಡಿದೆ. ಕಣ್ಣಿನ ಮೂಲೆಯಲ್ಲಿ ಬಿಳಿಭಾಗ ಬಿದಿಗೆಯ ಚಂದ್ರನ ಹಾಗೆ ಕಾಣತೊಡಗಿದೆ. ಮಗು ಬೆನ್ನೇರಿದ ಹೊತ್ತಿಗೆ ಮೈ ಸೆಟೆದು ಬಾಲ ನಿಂತುಹೋಗಿದೆ. ನಾಯಿಯ ಮಟ್ಟಿಗೆ ಇದು ಆಟವೇ ಅಲ್ಲ. ಈ ಮಗುವನ್ನು ಯಾರಾದರೂ ಎತ್ತಿಕೊಂಡು ಹೋಗಿ ಎಂದು ಅದು ಐದಾರು ಬಗೆಯಲ್ಲಿ ಕೇಳಿಕೊಂಡಾಗಿದೆ. ಕೇಳಬೇಕಾದವರು ವಿಡಿಯೊ ತೆಗೆಯುತ್ತಿದ್ದಾರೆ.

‘ನಾಯಿ ಇದ್ದಕ್ಕಿದ್ದಂತೆ ಕಚ್ಚಿಬಿಡ್ತು’ ಎಂಬ ಮಾತು ಆಸ್ಪತ್ರೆಗಳಲ್ಲಿ ದಿನವೂ ಕೇಳಿಬರುತ್ತದೆ. ಅದರ ಬೆನ್ನಿಗೇ ಬರುವುದು ‘ಇಷ್ಟು ವರ್ಷ ಯಾರಿಗೂ ಏನೂ ಮಾಡಿರಲಿಲ್ಲ’ ಎಂಬ ಇನ್ನೊಂದು ಮಾತು. ಎರಡನೆಯದು ಬಹುಮಟ್ಟಿಗೆ ನಿಜ. ಮೊದಲನೆಯದು ಹಾಗಲ್ಲ.

ಬ್ರಿಟನ್ನಿನ ಪಶುವೈದ್ಯೆ ಕೆಂಡಲ್ ಶೆಫರ್ಡ್ ನಾಯಿಯ ಅಸಮಾಧಾನವನ್ನು ಒಂದು ಏಣಿಯಾಗಿ ಚಿತ್ರಿಸಿದ್ದಾರೆ. ಕೆಳಗಿನ ಮೆಟ್ಟಿಲಲ್ಲಿ ಆಕಳಿಕೆ, ಕಣ್ಣು ಮಿಟುಕಿಸುವುದು, ಮೂಗು ನೆಕ್ಕುವುದು. ಅದರ ಮೇಲೆ ಮುಖ ತಿರುಗಿಸುವುದು, ಮೈ ತಿರುಗಿಸುವುದು, ಎದ್ದು ಆಚೆ ಹೋಗುವುದು. ಹೋಗಲು ಜಾಗವಿಲ್ಲದಿದ್ದರೆ ಬಾಲ ಕಾಲಸಂದಿಯಲ್ಲಿ ಅಡಗಿಸಿ ಕುಗ್ಗುವುದು. ಆಮೇಲೆ ಮೈ ಬಿಗಿದು ದಿಟ್ಟಿಸುವುದು, ಗುರ್ ಎನ್ನುವುದು, ಗಾಳಿಗೆ ಬಾಯಿ ಹಾಕುವುದು. ಕಚ್ಚುವುದು ತೀರಾ ತುದಿಯ ಮೆಟ್ಟಿಲು. ಎಲ್ಲ ನಾಯಿಗಳೂ ಎಲ್ಲ ಮೆಟ್ಟಿಲನ್ನೂ ಒಂದೊಂದಾಗಿ ಹತ್ತುತ್ತವೆ ಎಂದಲ್ಲ. ಕೆಳಗಿನ ಮೆಟ್ಟಿಲುಗಳಲ್ಲಿ ನಿಂತು ಹೇಳಿದ್ದನ್ನು ಮನೆಯವರು ಪದೇ ಪದೇ ಕೇಳದೆ ಹೋದರೆ, ಅಲ್ಲಿ ನಿಲ್ಲುವುದರಲ್ಲಿ ಅರ್ಥವಿಲ್ಲ ಎಂಬುದನ್ನು ನಾಯಿ ಕಲಿಯುತ್ತದೆ. ಮುಂದಿನ ಸಲ ನೇರ ಮೇಲಕ್ಕೆ.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದು ಇಲ್ಲಿದೆ. ಮಗುವಿನ ಮೇಲೆ ನಾಯಿ ಗುರ್ ಎಂದ ಕೂಡಲೇ ಅದಕ್ಕೆ ಏಟು ಬೀಳುತ್ತದೆ. ಏಟು ತಿಂದ ನಾಯಿ ಮಗುವನ್ನು ಇಷ್ಟಪಡುವುದನ್ನೇನೂ ಕಲಿಯುವುದಿಲ್ಲ, ಗುರ್ ಎನ್ನಬಾರದು ಎಂದಷ್ಟೇ ಕಲಿಯುತ್ತದೆ. ಎಚ್ಚರಿಕೆಯ ಗಂಟೆಯನ್ನು ಕಿತ್ತು ಹಾಕಿದವರೇ ಮುಂದೆ ‘ಸುಳಿವೇ ಕೊಡಲಿಲ್ಲ’ ಎಂದು ಗೋಳಾಡುತ್ತಾರೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ಅಕ್ಷರಶಃ ನಂಬಿ ಕೈಚಾಚುವುದು ಅಪಾಯವೇ. ಆದರೆ ಬೊಗಳುವ, ಗುರುಗುಡುವ ನಾಯಿ ಇನ್ನೂ ಮಾತಾಡುತ್ತಿದೆ, ದೂರ ಸರಿಯಲು ಇನ್ನೂ ಹೊತ್ತು ಕೊಡುತ್ತಿದೆ.

ಈ ಭಾಷೆ ದೊಡ್ಡವರಿಗೇ ತಿಳಿಯದಿದ್ದರೆ ಮಕ್ಕಳ ಪಾಡೇನು? ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕರ್ಸ್ಟಿನ್ ಮೈಂಟ್ಸ್ ಪುಟ್ಟ ಮಕ್ಕಳಿಗೆ ನಾಯಿಯ ಮುಖಗಳ ಚಿತ್ರ ತೋರಿಸಿ ಇದನ್ನೇ ಪರೀಕ್ಷಿಸಿದರು. ಹಲ್ಲು ಕಿರಿದು ಕೆರಳಿನಿಂತ ನಾಯಿಯ ಮುಖ ಕಂಡು ನಾಲ್ಕು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ನಾಯಿ ನಗುತ್ತಿದೆ, ಖುಷಿಯಾಗಿದೆ ಎಂದವು. ಮಕ್ಕಳ ಲೆಕ್ಕದಲ್ಲಿ ಅದು ತಪ್ಪೂ ಅಲ್ಲ. ಹಲ್ಲು ಕಂಡರೆ ನಗು ಎಂದು ತಾನೆ ಮನೆಮಂದಿಯೆಲ್ಲ ಕಲಿಸಿಕೊಟ್ಟಿರುವುದು? ಇನ್ನೂ ಚಿಕ್ಕ ಮಗುವಂತೂ ಮುಖವನ್ನು ಹತ್ತಿರದಿಂದ ನೋಡಲೆಂದು ಬಗ್ಗಿ ಮೂಗಿಗೆ ಮೂಗು ತಾಗಿಸುತ್ತದೆ. ನಾಲ್ಕು ವರ್ಷದ ಮಗುವಿನ ಎತ್ತರ ಮೂರು ಅಡಿಯ ಆಸುಪಾಸು. ದೊಡ್ಡವರಿಗೆ ಮೀನಖಂಡಕ್ಕೋ ಕೈಗೋ ಬೀಳುವ ಕಡಿತ ಪುಟ್ಟ ಮಕ್ಕಳಿಗೆ ಕೆನ್ನೆ, ತುಟಿ, ತಲೆ, ಕುತ್ತಿಗೆಗೆ ಬೀಳುವುದು ಇದೇ ಕಾರಣಕ್ಕೆ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯೆ ಇಲಾನಾ ರೈಸ್ನರ್ ಮತ್ತು ಸಂಗಡಿಗರು, ಮಕ್ಕಳನ್ನು ಕಚ್ಚಿ ತಮ್ಮ ಚಿಕಿತ್ಸಾಲಯಕ್ಕೆ ಬಂದ 111 ನಾಯಿಗಳ ದಾಖಲೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಸುಮಾರು ಮೂರರಲ್ಲಿ ಎರಡು ಪಾಲು ನಾಯಿಗಳು ಅದಕ್ಕೆ ಮೊದಲು ಯಾವ ಮಗುವನ್ನೂ ಕಚ್ಚಿದವಲ್ಲ. ಪರಿಚಯದ ಪುಟ್ಟ ಮಕ್ಕಳಿಗೆ ಬಿದ್ದ ಕಡಿತಗಳು ಹೆಚ್ಚಾಗಿ ಊಟದ ಬಟ್ಟಲು, ಎಲುಬು, ಆಟಿಕೆಯ ಸುತ್ತ ಆದವು. ಅಪರಿಚಿತ ಮಕ್ಕಳಿಗಾದವು ಗೇಟು, ಅಂಗಳದಂಥ ‘ತನ್ನ ಜಾಗ’ದಲ್ಲಿ. ತಪಾಸಣೆ ಮಾಡಿದ ನಾಯಿಗಳಲ್ಲಿ ಅರ್ಧದಷ್ಟಕ್ಕೆ ಯಾವುದಾದರೊಂದು ಕಾಯಿಲೆಯ ಸುಳಿವಿತ್ತು. ಕೀಲುನೋವಿನ ಹಳೆಯ ನಾಯಿಯ ಸೊಂಟದ ಮೇಲೆ ಮಗು ದೊಪ್ಪೆಂದು ಕೂತರೆ ಏನಾಗಬಹುದು ಎಂದು ಊಹಿಸುವುದಕ್ಕೆ ಸಂಶೋಧನೆಯೇನೂ ಬೇಕಿಲ್ಲ. ಹದಿನಾಲ್ಕು ವರ್ಷ ಮನೆ ಕಾದ ನಾಯಿಗೆ ‘ಈಚೆಗೆ ಕೋಪ ಜಾಸ್ತಿ’ ಎನ್ನುವವರು ಅದನ್ನು ಒಮ್ಮೆ ಪಶುವೈದ್ಯರಿಗೆ ತೋರಿಸುವುದು ಒಳ್ಳೆಯದು.

ಮನೆಯಲ್ಲಿ ನಾಯಿಯೂ ಮಗುವೂ ಇದ್ದರೆ ಮಾಡಬೇಕಾದದ್ದು ಬೆಟ್ಟದಷ್ಟೇನೂ ಇಲ್ಲ. ನಾಯಿ ಉಣ್ಣುವಾಗ, ಮಲಗಿದಾಗ, ಮರಿಗಳ ಜತೆ ಇದ್ದಾಗ ಮಗು ಅದರ ಹತ್ತಿರ ಸುಳಿಯಬಾರದು. ನಾಯಿಗೆ ಎದ್ದು ಹೋಗಲು ಒಂದು ಮೂಲೆ ಬೇಕು. ಆ ಮೂಲೆಗೆ ಮಗು ಹೋಗದಂತೆ ಅಡ್ಡವಾಗಿ ಏನಾದರೂ ಇರಬೇಕು. ಅಪ್ಪಿಕೊಳ್ಳುವುದು ಮನುಷ್ಯರ ಪ್ರೀತಿಯೇ ಹೊರತು ನಾಯಿಗಳದಲ್ಲ, ಬಹಳ ನಾಯಿಗಳು ಅದನ್ನು ಸಹಿಸಿಕೊಳ್ಳುತ್ತವೆ ಅಷ್ಟೆ. ಎಲ್ಲಕ್ಕಿಂತ ಮುಖ್ಯವಾದದ್ದು, ಐದಾರು ವರ್ಷದೊಳಗಿನ ಮಗುವನ್ನು ನಾಯಿಯ ಜತೆ ಒಂಟಿಯಾಗಿ ಬಿಡದಿರುವುದು. ಎಷ್ಟೇ ಸಾಧು ನಾಯಿಯಾದರೂ, ಎರಡೇ ನಿಮಿಷಕ್ಕಾದರೂ. ಒಲೆಯ ಮೇಲೆ ಹಾಲಿಟ್ಟು ‘ನೋಡ್ಕೊಳ್ತಿದೀನಿ’ ಎನ್ನುವವರ ಹಾಲೂ ಉಕ್ಕುತ್ತದೆ. ಕೋಣೆಯಲ್ಲಿ ದೊಡ್ಡವರಿದ್ದು ಕಣ್ಣು ಮೊಬೈಲಿನಲ್ಲಿದ್ದರೆ ಅದೂ ಹಾಗೆಯೇ.

ಕಟ್ಟಿಹಾಕಿದ ನಾಯಿ ಸುರಕ್ಷಿತ ಎಂಬುದು ಊರಕಡೆಯ ಇನ್ನೊಂದು ನಂಬಿಕೆ. ಅಮೆರಿಕದ ಡೆನ್ವರ್ ನಗರದಲ್ಲಿ 1991ರಲ್ಲಿ ಕಚ್ಚಿದ ಮತ್ತು ಕಚ್ಚದ ಸಾಕುನಾಯಿಗಳನ್ನು ಹೋಲಿಸಿದಾಗ, ಅಂಗಳದಲ್ಲಿ ಸರಪಳಿ ಹಾಕಿ ಕಟ್ಟುತ್ತಿದ್ದ ನಾಯಿಗಳು ಕಚ್ಚುವ ಸಂಭವ 2.8 ಪಟ್ಟು ಹೆಚ್ಚೆಂದು ಕಂಡಿತ್ತು. ಎದ್ದು ಹೋಗುವ ದಾರಿ ಇಲ್ಲದ ಪ್ರಾಣಿಗೆ ಉಳಿಯುವುದು ಏಣಿಯ ಮೇಲಿನ ಮೆಟ್ಟಿಲುಗಳು ಮಾತ್ರ. ಹಗಲೆಲ್ಲ ಕಂಬಕ್ಕೆ ಬಿಗಿದು, ಅಪರಿಚಿತರನ್ನು ಕಂಡು ಅದು ಹಾರಾಡಿದರೆ ‘ನಮ್ಮ ನಾಯಿ ಭಾರಿ ಜೋರು’ ಎಂದು ಬೀಗುವ ಯಜಮಾನರು ನೆರೆಮನೆಯ ಮಗುವನ್ನೂ ನೆನೆಯಬೇಕು.

ತಳಿಯ ಮಾತು ಬಂದೇ ಬರುತ್ತದೆ. ಪಿಟ್‌ಬುಲ್, ರಾಟ್‌ವೈಲರ್ ಸೇರಿ 23 ತಳಿಗಳನ್ನು ನಿಷೇಧಿಸುವಂತೆ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳಿಲ್ಲವೆಂದು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ಅದನ್ನು ರದ್ದುಪಡಿಸಿತು. ಭಾರಿ ದವಡೆಯ ನಾಯಿ ಕಚ್ಚಿದರೆ ಆಗುವ ಹಾನಿ ಭಾರಿಯೇ, ಅದರಲ್ಲಿ ವಾದವಿಲ್ಲ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ನಾಯಿಯ ಬಟ್ಟಲಿಗೆ ಮಗು ಕೈಹಾಕಬಹುದು ಎಂಬ ಭರವಸೆಯನ್ನು ಯಾವ ಪಟ್ಟಿಯೂ ಕೊಡಲಾರದು.

ಇಲ್ಲಿಯವರೆಗಿನದು ಮನೆಯೊಳಗಿನ ಕಥೆ. ಕರ್ನಾಟಕದ ಬಹುಪಾಲು ತಾಯಿತಂದೆಯರ ಭಯ ಇರುವುದು ಗೇಟಿನಾಚೆ.

ಆ ಭಯಕ್ಕೆ ಕಾರಣಗಳಿವೆ. 2007ರ ಮೊದಲ ಮೂರು ತಿಂಗಳೊಳಗೆ ಬೆಂಗಳೂರಿನಲ್ಲಿ ಬೀದಿನಾಯಿಗಳ ಹಿಂಡು ಇಬ್ಬರು ಮಕ್ಕಳನ್ನು ಕೊಂದಿತು. 2023ರ ಫೆಬ್ರುವರಿಯಲ್ಲಿ ಹೈದರಾಬಾದಿನ ಅಂಬರ್‌ಪೇಟೆಯಲ್ಲಿ ನಾಲ್ಕು ವರ್ಷದ ಹುಡುಗನ ಮೇಲೆ ನಾಯಿಗಳು ಮುಗಿಬಿದ್ದ ದೃಶ್ಯ ಸಿಸಿಟಿವಿಯಲ್ಲಿ ದಾಖಲಾಗಿ ದೇಶವನ್ನೇ ನಡುಗಿಸಿತು. ಕಾವಲುಗಾರನಾಗಿದ್ದ ತಂದೆಯ ಜತೆ ಆ ಹುಡುಗ ಅವನ ಕೆಲಸದ ಜಾಗಕ್ಕೆ ಬಂದಿದ್ದ. ಇಂಥ ಸಾವುಗಳಲ್ಲಿ ಮತ್ತೆ ಮತ್ತೆ ಕಾಣುವುದು ಬಡವರ ಮಕ್ಕಳೇ: ಕಟ್ಟಡ ಕೆಲಸದವರ, ಕಾವಲುಗಾರರ, ಬೇಲಿಯೂ ಬಾಗಿಲೂ ಸರಿಯಾಗಿಲ್ಲದ ಶೆಡ್ಡುಗಳಲ್ಲಿರುವವರ ಮಕ್ಕಳು. ನಾಯಿ ಪರ, ನಾಯಿ ವಿರೋಧ ಎಂದು ಟಿವಿಯಲ್ಲಿ ಕೂಗಾಡುವ ಎರಡೂ ಪಂಗಡದವರ ಮಕ್ಕಳು ಹೆಚ್ಚಾಗಿ ಗೇಟಿನ ಒಳಗಿರುತ್ತಾರೆ.

ಬೆಂಗಳೂರು ಮಹಾನಗರ ಪಾಲಿಕೆ 2023ರಲ್ಲಿ ಮಾಡಿಸಿದ ಗಣತಿಯಲ್ಲಿ ನಗರದ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷ. 2019ರಲ್ಲಿ ಅದು 3.10 ಲಕ್ಷವಿತ್ತು. ಸಂತಾನಹರಣ ಚಿಕಿತ್ಸೆಯಿಂದ ಇಳಿಕೆ ಆಗಿರುವುದು ನಿಜ, ಆದರೆ ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಅದು ಕಣ್ಣಿಗೆ ಕಾಣುವ ಇಳಿಕೆಯಲ್ಲ. ಇಡೀ ರಾಜ್ಯದಲ್ಲಿ 2024ರಲ್ಲಿ ವರದಿಯಾದ ನಾಯಿ ಕಡಿತ ಸುಮಾರು 3.6 ಲಕ್ಷ, ರೇಬೀಸ್ ಸಾವು 42.

ಬೀದಿನಾಯಿಯೂ ಮನೆನಾಯಿಯ ಭಾಷೆಯನ್ನೇ ಆಡುತ್ತದೆ. ವ್ಯತ್ಯಾಸವೆಂದರೆ ಅದು ಒಂಟಿಯಲ್ಲ. ಒಂಟಿಯಾಗಿ ಸಿಕ್ಕಾಗ ಬಾಲ ಮುದುರಿ ಪಕ್ಕಕ್ಕೆ ಸರಿಯುವ ಅದೇ ನಾಯಿ ಹಿಂಡಿನಲ್ಲಿದ್ದಾಗ, ಮೊದಲನೆಯದು ಓಡಿತೆಂದು ತಾನೂ ಓಡುತ್ತದೆ. ಮಾಂಸದಂಗಡಿಯ ತ್ಯಾಜ್ಯ ಸುರಿಯುವ ಖಾಲಿ ಸೈಟು, ಛತ್ರದ ಹಿಂದಿನ ಎಲೆಗುಡ್ಡೆ, ಇಂಥ ಕಡೆ ಹಿಂಡು ಬೆಳೆಯುತ್ತದೆ. ಕಾರ್ತಿಕ ಮಾಸದ ಹೊತ್ತಿಗೆ ಬೆದೆಗೆ ಬಂದ ಹೆಣ್ಣಿನ ಹಿಂದೆ ಏಳೆಂಟು ಗಂಡುಗಳು ಕಾದಾಡುತ್ತ ಸುತ್ತುತ್ತವೆ. ಅದಾದ ಎರಡು ತಿಂಗಳಿಗೆ ಚರಂಡಿ ಮೋರಿಯಲ್ಲಿ, ನಿಂತ ಲಾರಿಯಡಿಯಲ್ಲಿ ಮರಿಗಳು. ‘ಮುದ್ದಾಗಿವೆ’ ಎಂದು ಮರಿ ಎತ್ತಿಕೊಳ್ಳಲು ಬಗ್ಗುವ ಮಕ್ಕಳಿಗೆ ಹಿಂದೆ ನಿಂತ ತಾಯಿನಾಯಿ ಕಾಣುವುದಿಲ್ಲ.

ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಿಂದ ಈ ವಿಷಯದಲ್ಲಿ ಒಂದರ ಹಿಂದೊಂದು ಆದೇಶ ಹೊರಡಿಸಿದೆ. ಶಾಲೆ, ಆಸ್ಪತ್ರೆ, ಬಸ್‌ನಿಲ್ದಾಣ, ರೈಲುನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವುಗೊಳಿಸಬೇಕು, ಚಿಕಿತ್ಸೆಯ ನಂತರ ಅಲ್ಲಿಗೇ ತಂದು ಬಿಡಬಾರದು ಎಂಬುದು ನವೆಂಬರ್ 7ರ ಆದೇಶ. ಇದರ ಗದ್ದಲದಲ್ಲಿ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲಿರುವ ಒಂದು ಸರಳ ಅಂಶ ಮರೆಯಾಗಿದೆ. ಬೀದಿನಾಯಿಗೆ ಊಟ ಹಾಕುವ ಜಾಗ ಮಕ್ಕಳು ಆಡುವ ಸ್ಥಳ, ಮೆಟ್ಟಿಲು, ಓಡಾಡುವ ಬಾಗಿಲಿನಿಂದ ದೂರವಿರಬೇಕು. ಹೊತ್ತನ್ನು ಗೊತ್ತುಮಾಡುವಾಗ ಮಕ್ಕಳು, ವೃದ್ಧರ ಓಡಾಟವನ್ನು ಗಮನಿಸಬೇಕು. ಅಪಾರ್ಟ್‌ಮೆಂಟ್ ಸಂಘಗಳು ವಾಟ್ಸ್ಆ್ಯಪ್‌ನಲ್ಲಿ ತಿಂಗಳುಗಟ್ಟಲೆ ನಡೆಸುವ ಯುದ್ಧವನ್ನು ಒಂದು ಸಂಜೆ ಈ ನಿಯಮ ಓದಿ ನಿಲ್ಲಿಸಬಹುದು. ಕಿವಿಯ ತುದಿ ಕತ್ತರಿಸಿದ ಗುರುತು ಇರುವ ನಾಯಿಗೆ ಶಸ್ತ್ರಚಿಕಿತ್ಸೆ ಆಗಿದೆ, ಆಗ ರೇಬೀಸ್ ಲಸಿಕೆಯನ್ನೂ ಹಾಕಿರುತ್ತಾರೆ. ಆದರೆ ಲಸಿಕೆಯನ್ನು ಮತ್ತೆ ಮತ್ತೆ ಹಾಕಬೇಕು. ಕಿವಿ ನೋಡಿ ಈ ವರ್ಷದ ಲಸಿಕೆ ಆಗಿದೆಯೇ ಎಂದು ಹೇಳಲು ಬರುವುದಿಲ್ಲ.

ಇನ್ನು ಹಿಂಡು ಎದುರಾದ ಮಗು ಏನು ಮಾಡಬೇಕು? ಓಡಬಾರದು. ಓಡುವುದನ್ನು ಅಟ್ಟುವುದು ನಾಯಿಯ ರಕ್ತದಲ್ಲೇ ಇದೆ. ಕೆನಡಾ, ಅಮೆರಿಕದ ಶಾಲೆಗಳಲ್ಲಿ ‘ಮರವಾಗಿ ನಿಲ್ಲು’ ಎಂದು ಹೇಳಿಕೊಡುತ್ತಾರೆ. ನಮ್ಮ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಹೆಸರಿದೆ: ‘ಸ್ಟ್ಯಾಚು’. ಆ ಆಟ ಗೊತ್ತಿಲ್ಲದ ಮಗುವಿಲ್ಲ. ನಾಯಿ ಬಂದರೆ ಸ್ಟ್ಯಾಚು, ಕೈ ಮಡಿಸಿ ಮೈಗೆ ಅಂಟಿಸಿ, ಕಣ್ಣು ನೆಲದ ಮೇಲೆ, ಬಾಯಿಂದ ಸದ್ದಿಲ್ಲ. ನಾಯಿ ಮೂಸಿ ನೋಡಿ ಬೇಸರಪಟ್ಟು ಹೋಗುವ ತನಕ. ಬಿದ್ದುಬಿಟ್ಟರೆ ಮೊಣಕಾಲು ಹೊಟ್ಟೆಗೆ ಸೇರಿಸಿ ಚೆಂಡಿನಂತೆ ಮುದುಡಿ, ಎರಡೂ ಕೈಗಳಿಂದ ಕುತ್ತಿಗೆ, ಕಿವಿ ಮುಚ್ಚಿಕೊಳ್ಳುವುದು. ಕೆರಳಿದ ದೊಡ್ಡ ಹಿಂಡಿನ ಮುಂದೆ ಇದು ಸಾಲದೆ ಹೋಗಬಹುದು. ಆದರೂ ಓಡುವುದಕ್ಕಿಂತ ಮೇಲು.

ಮಕ್ಕಳಿಗೆ ಇದೆಲ್ಲ ತಲೆಗೆ ಹತ್ತುತ್ತದೆಯೇ ಎಂಬ ಪ್ರಶ್ನೆಗೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಉತ್ತರ ಸಿಕ್ಕಿದೆ. ಅಲ್ಲಿನ ಎಂಟು ಪ್ರಾಥಮಿಕ ಶಾಲೆಗಳಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಕೆಲವರಿಗೆ ನಾಯಿಯೊಡನೆ ಹೇಗಿರಬೇಕೆಂದು ಅರ್ಧ ಗಂಟೆಯ ಪಾಠ ಮಾಡಿದರು, ಕೆಲವರಿಗೆ ಮಾಡಲಿಲ್ಲ. ಕೆಲವು ದಿನ ಬಿಟ್ಟು ಆಟದ ಮೈದಾನದಲ್ಲಿ ಒಂದು ಸಾಧು ನಾಯಿಯನ್ನು ಯಜಮಾನನಿಲ್ಲದಂತೆ ಕಟ್ಟಿ, ಮರೆಯಿಂದ ವಿಡಿಯೊ ತೆಗೆದರು. ಪಾಠ ಕೇಳದ ಮಕ್ಕಳಲ್ಲಿ ಶೇ 79ರಷ್ಟು ಹೋಗಿ ನಾಯಿಯನ್ನು ಮುಟ್ಟಿದವು. ಪಾಠ ಕೇಳಿದವರಲ್ಲಿ ಶೇ 9. ಬ್ರಿಟಿಷ್ ಮೆಡಿಕಲ್ ಜರ್ನಲ್ 2000ದಲ್ಲಿ ಪ್ರಕಟಿಸಿದ ಪ್ರಯೋಗವಿದು. ಖರ್ಚು, ಒಂದು ಪೀರಿಯಡ್ಡಿಗಿಂತ ಕಡಿಮೆ. ನಮ್ಮ ಶಾಲೆಗಳು ಪ್ರತಿಭಾ ಕಾರಂಜಿಗೆ ಕೊಡುವ ಹೊತ್ತಿನಲ್ಲಿ ಚೂರೇ ಚೂರು ಇದಕ್ಕೂ ಕೊಟ್ಟರೆ ನಷ್ಟವೇನಿಲ್ಲ.

ಕಚ್ಚಿಯೇಬಿಟ್ಟರೆ? ಇಲ್ಲಿಂದ ಮುಂದೆ ಗಡಿಯಾರದ ಲೆಕ್ಕ. 2025ರ ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ಬೀದಿನಾಯಿ ದಾಳಿಗೆ ಸಿಕ್ಕ ನಾಲ್ಕು ವರ್ಷದ ಬಾಲಕಿ, ನಾಲ್ಕು ತಿಂಗಳು ನರಳಿ ಆಗಸ್ಟ್‌ನಲ್ಲಿ ರೇಬೀಸ್‌ನಿಂದ ತೀರಿಕೊಂಡಳು. ರೇಬೀಸ್ ವೈರಸ್ ಗಾಯದಿಂದ ನರ ಹಿಡಿದು ಮೆದುಳಿನ ಕಡೆಗೆ ನಿಧಾನವಾಗಿ ಸಾಗುತ್ತದೆ. ಪಾದದಿಂದ ಮೆದುಳಿಗೆ ದಾರಿ ಉದ್ದ, ಕೆನ್ನೆಯಿಂದ ಗೇಣು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಈಚಿನ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 5,700 ಮಂದಿ ಹೀಗೆ ಸಾಯುತ್ತಾರೆ. 2003ರ ಸಮೀಕ್ಷೆಯಲ್ಲಿ ಈ ಸಂಖ್ಯೆ 20,000 ಇತ್ತು.

ಮೊದಲ ಮದ್ದು ಬಚ್ಚಲುಮನೆಯಲ್ಲೇ ಇದೆ. ನಲ್ಲಿಯ ಹರಿಯುವ ನೀರಿನಡಿ ಸೋಪು ಹಚ್ಚಿ ಹದಿನೈದು ನಿಮಿಷ ಗಾಯ ತೊಳೆಯುವುದು. ಅಳುವ ಮಗುವನ್ನು ಹಿಡಿದು ಹದಿನೈದು ನಿಮಿಷ ಎಂದರೆ ಒಂದು ಯುಗ, ಗಡಿಯಾರ ನೋಡಿಯೇ ತೊಳೆಯಬೇಕು. ಖಾರದ ಪುಡಿ, ಸುಣ್ಣ, ಕಾಫಿಪುಡಿ, ಅರಿಸಿನ ಏನನ್ನೂ ಮೆತ್ತಬಾರದು. ಆಮೇಲೆ ನೇರ ಆಸ್ಪತ್ರೆಗೆ. ರಕ್ತ ಬಂದಿದ್ದರೆ, ಗಾಯ ಮುಖದ ಮೇಲಿದ್ದರೆ ಲಸಿಕೆಯೊಂದೇ ಸಾಲದು, ಗಾಯದ ಸುತ್ತಲೇ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಬೇಕು. ಅದು ಆ ಆಸ್ಪತ್ರೆಯಲ್ಲಿದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ಇಲ್ಲವೆಂದರೆ ಎಲ್ಲಿದೆ ಎಂದು ಕೇಳಿ ಅಂದೇ ಅಲ್ಲಿಗೆ ಹೋಗಬೇಕು. ‘ಮರಿನಾಯಿ ತಾನೆ, ಹಲ್ಲು ತಾಗಿದ್ದಷ್ಟೆ’ ಎನ್ನುವುದೂ ಬೇಡ. ಮರಿಗೂ ರೇಬೀಸ್ ಬರುತ್ತದೆ.

ಹಿಂಜರಿಯುವ ಹಿರಿಯರಿಗೆ ಇನ್ನೂ ‘ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ’ಯ ನೆನಪು. ಆ ನೆನಪಿಗೊಂದು ಚರಿತ್ರೆಯೂ ಇದೆ. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಸ್ಚರ್ ಸಂಸ್ಥೆ ತೆರೆಯುವ ತನಕ ದಕ್ಷಿಣದವರು ಹುಚ್ಚುನಾಯಿ ಕಡಿತಕ್ಕೆ ಮದ್ದು ಹುಡುಕಿ ರೈಲು ಹತ್ತಿ ಶಿಮ್ಲಾದ ಹತ್ತಿರದ ಕಸೌಲಿಯವರೆಗೆ ಹೋಗಬೇಕಿತ್ತು. ಕುರಿಯ ಮೆದುಳಿನಿಂದ ತಯಾರಾಗಿ ಹೊಟ್ಟೆಗೆ ಚುಚ್ಚುತ್ತಿದ್ದ ಆ ಹಳೆಯ ಲಸಿಕೆ ನಿಂತು ಎರಡು ದಶಕವಾಯಿತು. ಈಗ ಚುಚ್ಚುವುದು ತೋಳಿಗೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಕೊನೆಯದಾಗಿ, ಮಕ್ಕಳು ಬಾಯಿ ಬಿಡದೆ ಇರುವ ಸಂಗತಿ. ಟ್ಯೂಷನ್ನಿಗೆಂದು ಹೋದವನು ದಾರಿಯಲ್ಲಿ ನಾಯಿಮರಿ ಕೆಣಕಿ ತರಚಿಸಿಕೊಂಡಿರುತ್ತಾನೆ. ಹೇಳಿದರೆ ಬೈಗುಳ, ಮೇಲೆ ಇಂಜೆಕ್ಷನ್ನು. ಚಡ್ಡಿ ಕೆಳಗೆಳೆದು ಗಾಯ ಮುಚ್ಚಿ ಸುಮ್ಮನಾಗುತ್ತಾನೆ. ನಾಯಿ ಹೇಳಿದ್ದು ದೊಡ್ಡವರಿಗೆ ಕೇಳುವುದಿಲ್ಲ, ಮಗುವಂತೂ ಹೆದರಿ ಹೇಳುವುದೇ ಇಲ್ಲ. ಸ್ನಾನ ಮಾಡಿಸುವಾಗ ಕಾಲು, ಮೊಣಕಾಲು ನೋಡಿ. ಗೀರು ಕಂಡರೆ ಮೆಲ್ಲಗೆ ಕೇಳಿ, ಬೈಯುವುದಿಲ್ಲ ಎಂದು ಮೊದಲೇ ಮಾತು ಕೊಟ್ಟು ಕೇಳಿ. ಸರ್ಕಾರಿ ಆಸ್ಪತ್ರೆಯ ಚೀಟಿಯಲ್ಲಿ ನಾಲ್ಕು ತಾರೀಖು ಬರೆದುಕೊಡುತ್ತಾರೆ: ಮೊದಲ ಸೂಜಿ ಹಾಕಿದ ದಿನ, ಅಲ್ಲಿಂದ 3, 7 ಮತ್ತು 28ನೆಯ ದಿನ. ನಾಲ್ಕನೆಯದು ಬರುವ ಹೊತ್ತಿಗೆ ಗಾಯ ಒಣಗಿ ಮಗು ಆಟಕ್ಕಿಳಿದಿರುತ್ತದೆ, ಮನೆಯವರು ಮರೆತಿರುತ್ತಾರೆ. ಚೀಟಿ ಕೈಗೆ ಬಂದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಕೆಂಪು ಸುತ್ತು ಹಾಕಿಡಿ.